ಬನ್ನಕ್ಕನಿಗೆ ಚಟವಿಲ್ಲ ಎಂಬ ಪತ್ರ

ಬನ್ನಿ, ಗೋಡೆಗೆ ಒರಗಿ ಆರಾಮಾಗಿ ಕೂತ್ಕೊಳ್ಳಿ. ಉಂಡು ಬಂದಿದ್ದೀರಿ ತಾನೇ? ಹಸಿದುಕೊಂಡು ಕೇಳುವ ಕತೆಯಲ್ಲ ಇದು. ಬಾಯಲ್ಲಿ ನೀರೂರಿದರೆ ಅದನ್ನೂ ಯಾರಾದರೂ ಅಳೆದು ಬರೆದುಕೊಂಡಾರು.

ಒಂದೂರಿನಲ್ಲಿ ತಿನ್ನುವ ಚಟವನ್ನು ಅಳೆಯುವುದಕ್ಕೆಂದೇ ಒಂದು ಕಚೇರಿ ಇತ್ತು. ಕೆಲವರು ತಿಂದು ದಪ್ಪಗಾಗುತ್ತಿದ್ದಾರೆ, ಕೆಲವರು ತಿನ್ನದೆ ಸಣ್ಣಗಾಗುತ್ತಿದ್ದಾರೆ, ಎರಡಕ್ಕೂ ಚಟವೇ ಬೇರು ಎಂದು ಮೇಲಿನವರು ತೀರ್ಮಾನಿಸಿ ಒಂದು ಮೇಜು, ಒಂದು ತೂಕದ ಯಂತ್ರ, ಒಬ್ಬ ಮಾಪನಾಧಿಕಾರಿಯನ್ನು ಕಳಿಸಿದ್ದರು. ಆತ ಒಳ್ಳೆಯವನೇ. ಯಾರಿಗೂ ಗದರಿದವನಲ್ಲ.

ಅಳೆಯುವ ಬಗೆ ಹೀಗೆ. ಬೆಳಗ್ಗೆ ಬರಿ ಹೊಟ್ಟೆಯಲ್ಲಿ ಬಂದು ಸಾಲು ನಿಲ್ಲಬೇಕು. ತಿಂದು ಬಂದರೆ ತೂಕ ತಪ್ಪುತ್ತದೆ. ಅಧಿಕಾರಿಯ ಊಟ, ಊಟದ ಮೇಲಿನ ವಿಶ್ರಾಂತಿ ಎಲ್ಲ ಮುಗಿದ ಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆದು ಮುಂದೆ ಒಂದು ಬಿಸಿ ಬನ್ ಇಡುತ್ತಾರೆ. ಕೈ ಎಷ್ಟು ಬೇಗ ಅದರ ಕಡೆ ಹೋಯಿತೋ ಚಟ ಅಷ್ಟು ಜೋರು. ಅಳತೆ ಸರಿಯಿದೆಯೋ ಇಲ್ಲವೋ ಎಂದು ಅಧಿಕಾರಿ ದಿನವೂ ಊಟವಾದ ಮೇಲೆ ತಾನೇ ಬನ್ನಿನ ಮುಂದೆ ಕೂತು ಪರೀಕ್ಷಿಸುತ್ತಿದ್ದ. ಒಂದು ದಿನವೂ ಅವನ ಕೈ ಅಲ್ಲಾಡಲಿಲ್ಲ. ಅಳತೆ ಸರಿಯಿದೆ ಎಂದು ಷರಾ ಬಿತ್ತು.

ಆಮೇಲೆ ಪ್ರಕಟಣೆ ಹೊರಟಿತು: “ಆಹಾರ ಪದಾರ್ಥಗಳ ಸಮೀಪದಲ್ಲಿ ಕಾರ್ಯನಿರ್ವಹಿಸುವ ಪ್ರತಿಯೊಬ್ಬರೂ ನಿರ್ವ್ಯಸನ ಪತ್ರ ಹೊಂದಿರತಕ್ಕದ್ದು. ತಪ್ಪಿದಲ್ಲಿ ಸದರಿಯವರಿಂದ ಆಹಾರವನ್ನು ದೂರವಿಡತಕ್ಕದ್ದು.”

ಬೇಕರಿಯಲ್ಲಿ ಭಟ್ಟಿ ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಊರೆಲ್ಲ ಬನ್ನಕ್ಕ ಅನ್ನುತ್ತಿತ್ತು. ದಿನವಿಡೀ ಆ ಘಮದಲ್ಲೇ ಬೆವರಿದರೂ ಟ್ರೇಯಿಂದ ಒಂದು ಚೂರು ಬಾಯಿಗೆ ಹಾಕಿದವಳಲ್ಲ. ಮಧ್ಯಾಹ್ನ ಮನೆಗೆ ಹೋಗಿ, ನಾದಿನಿಯ ಜೊತೆ ಲೋಕದ ಸುದ್ದಿಯೆಲ್ಲ ಆಡಿಕೊಂಡು ಉಣ್ಣುವುದೇ ಅವಳ ಸುಖ. ಭಟ್ಟಿಯ ಕೆಲಸ ಹೋದರೆ ಇಬ್ಬರ ಊಟಕ್ಕೂ ಕಲ್ಲು ಬಿದ್ದ ಹಾಗೆ. ಅದಕ್ಕೇ ಅವಳೂ ಹೋಗಿ ಸಾಲು ನಿಂತಳು.

ಅವಳ ಸರದಿ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಬನ್ ಇಟ್ಟರು. ಅದು ಅವಳೇ ಬೇಯಿಸಿದ್ದು. ತಳ ಬೆಂದಿದೆಯೋ ಎಂದು ನೋಡಲು ಅಭ್ಯಾಸದ ಮೇಲೆ ಎತ್ತಿ ಬೆರಳಲ್ಲಿ ತಟ್ಟಿದಳು. ಎತ್ತಿದ್ದು ತಾನಾಗಿ ಬಾಯಿಗೆ ಹೋಯಿತು.

“ತೀವ್ರ,” ಎಂದ ಅಧಿಕಾರಿ.

“ಹಸಿವಾಗಿತ್ತು ಸಾರ್.”

“ಚಟ ಇರೋರೆಲ್ಲ ಇದನ್ನೇ ಹೇಳೋದಮ್ಮ,” ಎಂದು ಅಧಿಕಾರಿ ಮರುಗಿದ.

ತೂಕ ಹಾಕುವವನು ಇಣುಕಿ ನೋಡಿ, “ಆದ್ರೆ ಸಾರ್, ಈಯಮ್ಮನ ತೂಕ ಕಮ್ಮಿ ಇದೆಯಲ್ಲ?” ಎಂದ.

“ಚಟ ಜಾಸ್ತಿ, ತೂಕ ಕಮ್ಮಿ. ಅಂದ್ರೆ ತೂಕವನ್ನ ಎಲ್ಲೋ ಬಚ್ಚಿಟ್ಟಿದ್ದಾರೆ. ಗುಪ್ತ ಸ್ಥೂಲತೆ ಅಂತ ಬರಿ.”

ಮರುಪರೀಕ್ಷೆಯವರೆಗೆ ಪಥ್ಯ ಹೇಳಿದರು: ಬೆಳಗಿನ ತಿಂಡಿ ಬಿಡಬೇಕು, ಇನ್ನೊಬ್ಬರ ಜೊತೆ ಕೂತು ಉಣ್ಣಬಾರದು. ಬನ್ನಕ್ಕ ಶ್ರದ್ಧೆಯಿಂದ ಪಾಲಿಸಿದಳು. ಮರುಪರೀಕ್ಷೆಯಲ್ಲಿ ಕೈ ಇನ್ನೂ ಬೇಗ ಹೋಯಿತು. ಪಥ್ಯ ಸಾಲದು ಎಂದು ಮಧ್ಯಾಹ್ನದ ಊಟವನ್ನೂ ಕತ್ತರಿಸಿದರು. ಅದರ ಮುಂದಿನ ಸಲ ಬನ್ನು ಮೇಜು ಮುಟ್ಟಲೇ ಇಲ್ಲ. ತೂಕದವನ ಕೈಯಿಂದಲೇ ಕಿತ್ತುಕೊಂಡಳು. ಇಂಥದ್ದು ತನ್ನ ಸೇವಾವಧಿಯಲ್ಲೇ ಮೊದಲು ಎಂದು ಅಧಿಕಾರಿ ಎದ್ದು ನಿಂತು ಬರೆದುಕೊಂಡ.

ಮನೆಯಲ್ಲಿ ನಾದಿನಿ ಬಡಿಸಿಕೊಂಡು ಕಾಯುತ್ತಿದ್ದಳು.

“ಬಾ ಅತ್ತಿಗೆ, ಆರಿ ಹೋಗ್ತಿದೆ.”

“ನಂಗೆ ಬೇಡ ಕಣೇ.”

“ಬೇಡ ಅನ್ನೋಳು ಬಾಗಿಲ ಹಿಂದೆ ನಿಂತು ಏನು ಅಗೀತಿದ್ದೀಯ?”

“ಏನಿಲ್ಲ.”

“ಏನಿಲ್ಲ ಅನ್ನೋದಕ್ಕೆ ಕೆನ್ನೆ ಯಾಕೆ ಊದಿದೆ? ಸುಮ್ಮನೆ ಹೊಟ್ಟೆ ತುಂಬ ತಿಂದು ಹೋಗಿ ಕೂತ್ಕೋ. ಕೈ ತಾನಾಗೇ ಸುಮ್ಮನಿರುತ್ತೆ.”

“ಬರಿ ಹೊಟ್ಟೆ ಅಂತ ನಿಯಮ ಇದೆಯಲ್ಲೇ.”

“ಆ ನಿಯಮ ಬರೆದೋನು ತಿಂದೇ ಬರೆದಿರ್ತಾನೆ ಬಿಡು!”

ಬನ್ನಕ್ಕ ನಿಯಮ ಮೀರುವವಳಲ್ಲ. ಬಾಗಿಲ ಹಿಂದಿನಿಂದ ಈಚೆಗೂ ಬರಲಿಲ್ಲ.

ಅಷ್ಟರಲ್ಲಿ ಬೇಕರಿಯ ಯಜಮಾನನಿಗೂ ತೀವ್ರ ಎಂದಾಯಿತು, ಹಿಟ್ಟು ನಾದುವವರಿಗೂ ಆಯಿತು. ಭಟ್ಟಿ ಆರಿತು. ಭಟ್ಟಿ ಆರಿದ ಮೇಲೆ ಕಚೇರಿಗೆ ಬನ್ ಎಲ್ಲಿಂದ ಬರಬೇಕು? ಅಧಿಕಾರಿ ಮೇಲಕ್ಕೆ ಬರೆದ. ಮೇಲಿನಿಂದ ಆದೇಶ ಬಂತು: “ಬನ್ ಅಲಭ್ಯವಿರುವ ಪ್ರಯುಕ್ತ, ಮುಂದಿನ ಆದೇಶದವರೆಗೆ ಬನ್ನಿನ ಚಿತ್ರವನ್ನೇ ಬನ್ ಎಂದು ಪರಿಗಣಿಸತಕ್ಕದ್ದು.”

ಬೋರ್ಡು ಬರೆಯುವವನ ಕೈಲಿ ಚಿತ್ರ ಬರೆಸಿದರು. ಬನ್ನಕ್ಕ ಹೋಗಿ ಕೂತಳು. ಕೈ ಮಡಿಲಲ್ಲೇ ಇತ್ತು.

“ಏನನ್ನಿಸ್ತಿದೆಯಮ್ಮ?”

“ಏನೂ ಇಲ್ಲ ಸಾರ್. ಬಣ್ಣ ಸ್ವಲ್ಪ ಸೀದಂಗಿದೆ.”

“ಗುಣವಾಗಿದೆ,” ಎಂದು ಅಧಿಕಾರಿ ಕಣ್ಣೊರೆಸಿಕೊಂಡ. ಅವತ್ತು ಸಾಲಿನಲ್ಲಿದ್ದವರೆಲ್ಲ ಗುಣವಾದರು, ಎಲ್ಲರಿಗೂ ಪತ್ರ ಸಿಕ್ಕಿತು. ಊರಿಗೆ ಊರೇ ಚಟಮುಕ್ತವೆಂದು ಘೋಷಣೆಯಾಯಿತು.

ಇನ್ನು ಯಾರು ಏನಾದರು ಕೇಳಿ. ಅಧಿಕಾರಿ ಬಡ್ತಿ ಪಡೆದು, ಚಿತ್ರಕ್ಕೆ ಕಟ್ಟು ಹಾಕಿಸಿಕೊಂಡು ದೊಡ್ಡ ಊರಿಗೆ ಹೋದ. ತೂಕದವನಿಗೆ ಗುಪ್ತ ಸ್ಥೂಲತೆಯ ವಿಭಾಗ ಸಿಕ್ಕಿತು. ಸಣಕಲರನ್ನು ಹುಡುಕಿಕೊಂಡು ಓಡಾಡುತ್ತಾನೆ. ನಾದಿನಿ ಈಗ ರೇಡಿಯೋ ಹಾಕಿಕೊಂಡು ಉಣ್ಣುತ್ತಾಳೆ. ಭಟ್ಟಿ ಮತ್ತೆ ಹೊತ್ತಿತು, ಬನ್ನಕ್ಕನಿಗೆ ಅದರ ಕೆಲಸ ಉಳಿಯಿತು. ಪ್ರತಿ ಟ್ರೇಯಿಂದ ಒಂದನ್ನು ಸೆರಗಿನೊಳಗೆ ಹಾಕಿಕೊಂಡು, ಮೈದಾ ಮೂಟೆಯ ಹಿಂದೆ ಗೋಡೆಗೆ ಮುಖ ಮಾಡಿ, ಬಾಯಿ ಸುಡುವುದೂ ತಿಳಿಯದ ಹಾಗೆ ನುಂಗುತ್ತಾಳೆ. ಯಜಮಾನ ಒಂದು ದಿನ ಅದನ್ನು ಕಣ್ಣಾರೆ ಕಂಡ. ಕೇಳಿಬಿಡೋಣ ಅಂತ ಹೋದವನು ಅವಳ ನಿರ್ವ್ಯಸನ ಪತ್ರ ಇದೆಯಲ್ಲ ಎಂದು ನೆನಪಾಗಿ, ತನ್ನ ಕಣ್ಣನ್ನೇ ತೋರಿಸಿಕೊಂಡು ಬರಲು ಡಾಕ್ಟರ ಹತ್ತಿರ ಹೋದ. ಡಾಕ್ಟರು ಕನ್ನಡಕ ಬರೆದುಕೊಟ್ಟಿದ್ದಾರೆ.