ಸುಳ್ಳಾಡದ ಸ್ಪೀಕರು

ಕೃಷ್ಣರಾಜನಗರದಲ್ಲಿ ಸಂಗೀತದ ಕಿವಿ ಇರುವ ಮನುಷ್ಯ ಯಾರಾದರೂ ಇದ್ದರೆ ಅದು ನಾನೇ! ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಬೇರೆ ಯಾರೂ ಹೇಳುತ್ತಿಲ್ಲವಲ್ಲ ಎಂದು ನಾನೇ ಹೇಳಿಕೊಳ್ಳುತ್ತಿದ್ದೇನೆ. ಹೊಟ್ಟೆಪಾಡಿಗೆ ಗೊಬ್ಬರದ ಅಂಗಡಿ ಇಟ್ಟಿದ್ದರೂ ನಾನು ಮೂಲತಃ ಕಲಾವಿದ. ನಮ್ಮ ಬೀದಿಯ ಭಜನಾ ಮಂಡಳಿಯ ಗಾಯಕ. ಶನಿವಾರ ಸಂಜೆ ಗುಡಿಯಲ್ಲಿ ಹಾಡುತ್ತೇವೆ, ಊರಲ್ಲಿ ಯಾರಾದರೂ ತೀರಿಕೊಂಡರೆ ಹೆಣ ಎತ್ತುವ ತನಕ ಅವರ ಮನೆಯಲ್ಲಿ ಹಾಡುತ್ತೇವೆ. 'ಮುಖ್ಯ ಗಾಯಕ' ಎಂದೇ ಬರೆಯುತ್ತಿದ್ದೆ, ಆದರೆ ಹಾರ್ಮೋನಿಯಂ ಲಿಂಗಯ್ಯನವರು ಇದನ್ನು ಓದಿದರೆ ಬೇಜಾರು ಮಾಡಿಕೊಳ್ಳುತ್ತಾರೆ.

ಹೋದ ತಿಂಗಳು ಮಂಡಳಿಯವರೆಲ್ಲ ಮೈಸೂರಿನ ಸ್ಟುಡಿಯೋಗೆ ಹೋಗಿ ಭಜನೆ ರೆಕಾರ್ಡ್ ಮಾಡಿಸಿಕೊಂಡು ಬಂದೆವು. ಮನೆಗೆ ಬಂದು ಫೋನಿನಲ್ಲಿ ಹಾಕಿ ಕೇಳಿದೆ. ಲಿಂಗಯ್ಯ ಕೇಳಿಸಿದರು. ಚಾಮಯ್ಯನ ತಾಳ ಕೇಳಿಸಿತು. ನಾನು ಕೇಳಿಸಲಿಲ್ಲ! ತಪ್ಪು ಫೋನಿನದೇ ಎಂದು ಆ ಕ್ಷಣವೇ ಗೊತ್ತಾಯಿತು. ನನ್ನ ಕಂಠದ ಆಳವನ್ನು ಹಿಡಿಯುವ ತಾಕತ್ತು ಆ ಪುಟಾಣಿ ಯಂತ್ರಕ್ಕೆ ಎಲ್ಲಿಂದ ಬರಬೇಕು?

"ಆಕಾಶವೇ ಕಳಚಿ ಬೀಳಲಿ! ನನ್ನ ದನಿ ನನಗೆ ಕೇಳಿಸುವಂಥ ಸ್ಪೀಕರನ್ನು ಈ ಮನೆಗೆ ತಂದೇ ತರುತ್ತೇನೆ!" ಎಂದು ನಡುಮನೆಯಲ್ಲಿ ನಿಂತು ಘೋಷಿಸಿದೆ.

"ನಿಮ್ ದನಿ ಕೇಳೋಕೆ ಸ್ಪೀಕರ್ ಯಾಕ್ರೀ? ದಿನಾ ಬೆಳಗ್ಗೆ ಬಚ್ಚಲಿಂದ ಬೀದಿಗೆಲ್ಲ ಕೇಳ್ತಾ ಅದಲ್ಲ," ಎಂದಳು ನನ್ನ ಹೆಂಡತಿ ಮಂಗಳಾ, ಸೊಪ್ಪು ಬಿಡಿಸುತ್ತ.

ಆದರೆ ಸ್ಪೀಕರ್ ಎಂದ ಕೂಡಲೇ ಅವಳ ಕೈ ನಿಂತಿತು. ಅವಳಿಗೂ ಒಂದು ಆಸೆಯಿತ್ತು. ಹೋಮ್ ಥಿಯೇಟರ್! ಗೋಡೆಗೊಂದು ಡಬ್ಬಿ, ಮೂಲೆಗೊಂದು ಡಬ್ಬಿ, ಸೋಫಾದ ಹಿಂದೆ ಎರಡು ಡಬ್ಬಿ. ಸಿನಿಮಾದಲ್ಲಿ ಕಳ್ಳ ಹಿಂದಿನಿಂದ ಬಂದರೆ ಹೆಜ್ಜೆ ಸದ್ದು ಹಿಂದಿನಿಂದಲೇ ಕೇಳಬೇಕಂತೆ. ನನಗೆ ಬೇಕಾದದ್ದು ಟವರ್ ಸ್ಪೀಕರು. ಎದೆಮಟ್ಟದ ಎರಡು ಗಂಭೀರ ಗೋಪುರಗಳು, ಶುದ್ಧ ಸಂಗೀತಕ್ಕಾಗಿಯೇ ಹುಟ್ಟಿದವು. ಎರಡನ್ನೂ ಕೊಳ್ಳುವ ಶಕ್ತಿ ಗೊಬ್ಬರದ ಅಂಗಡಿಗಿಲ್ಲ. ಹೀಗಾಗಿ ನಮ್ಮ ಮನೆಯಲ್ಲಿ ಎರಡು ಪಕ್ಷಗಳಾದವು.

ಸ್ಪೀಕರ್ ಅಂಗಡಿಯ ಸೈಫುಲ್ಲಾ ಸಾಹೇಬರು ಬುದ್ಧಿವಂತರು. ಯಾರ ಪಕ್ಷವನ್ನೂ ವಹಿಸಲಿಲ್ಲ. ಭಾನುವಾರ ಬೆಳಿಗ್ಗೆ ಎರಡು ಸೆಟ್ಟನ್ನೂ ಗಾಡಿಯಲ್ಲಿ ಹಾಕಿಕೊಂಡು ಬಂದು ನಮ್ಮ ನಡುಮನೆಯಲ್ಲಿ ಜೋಡಿಸಿಬಿಟ್ಟರು.

"ನೋಡಿ ಸಾರ್, ಹೋಮ್ ಥಿಯೇಟರು ಸ್ವಲ್ಪ ಮಸಾಲೆ ಹಾಕಿ ಕೊಡ್ತದೆ. ಸಿನ್ಮಾಗೆ ಮಜಾ. ಟವರ್ ಹಂಗಲ್ಲ. ಇದ್ದಿದ್ದು ಇದ್ದಂಗೆ ಹೇಳ್ತದೆ. ಇಲ್ದೇ ಇರೋದು ಹೇಳಲ್ಲ. ಸುಳ್ಳು ಗೊತ್ತೇ ಇಲ್ಲ ಅದಕ್ಕೆ! ದಿನ ಪೂರ್ತಿ ಕೇಳಿ. ಸಂಜೆ ಬರ್ತೀನಿ, ಒಂದು ಇಟ್ಕೊಳ್ಳಿ, ಒಂದು ವಾಪಸ್ ಕೊಡಿ. ಆದ್ರೆ ರಟ್ಟಿನ ಡಬ್ಬ ಜೋಪಾನ ಸಾರ್. ಡಬ್ಬ ಇಲ್ದೇ ಇದ್ರೆ ಮಾಲು ವಾಪಸ್ ತಗೊಳ್ಳೋಕಾಗಲ್ಲ."

ಮೊದಲು ಮಂಗಳಾಳ ಸರದಿ. ಒಂದು ಹೊಡೆದಾಟದ ಸಿನಿಮಾ ಹಾಕಿದಳು. ಅಡುಗೆಮನೆಯ ತಟ್ಟೆಗಳು ಕುಣಿದವು, ಗೋಡೆಯ ಕ್ಯಾಲೆಂಡರ್ ಓಲಾಡಿತು. ಸಿನಿಮಾದಲ್ಲಿ ಮಳೆ ಬಂದಾಗ ಅವಳು ಬೆನ್ನು ಮುಟ್ಟಿ ನೋಡಿಕೊಂಡಳು. "ನನ್ ಹಿಂದೇನೇ ಸುರೀತಾ ಅದೆ ಕಣ್ರೀ!" ಅವಳ ಮುಖದಲ್ಲಿದ್ದ ಸಂತೋಷ ನೋಡಿ ನನ್ನ ಪಕ್ಷ ಅಲ್ಲಾಡಿಹೋಗುತ್ತಿತ್ತು. ಮನಸ್ಸನ್ನು ಕಲ್ಲು ಮಾಡಿಕೊಂಡೆ.

ನಂತರ ನನ್ನ ಭಜನೆ. ಹೋಮ್ ಥಿಯೇಟರಿನಲ್ಲಿ ಲಿಂಗಯ್ಯ ಎಡಗಡೆಯಿಂದ ಹಾಡಿದರು, ಚಾಮಯ್ಯ ಬೆನ್ನ ಹಿಂದೆ ತಾಳ ಹಾಕಿದ. ನಾನು ಎಲ್ಲಿಂದಲೂ ಬರಲಿಲ್ಲ. "ನೋಡಿದೆಯಾ, ಇದೊಂದು ಡಬ್ಬಾ!" ಎಂದು ತೀರ್ಪು ಕೊಟ್ಟು ಟವರಿಗೆ ಬದಲಾಯಿಸಿದೆ. ಆಹಾ! ಲಿಂಗಯ್ಯ ಹಾಡುವ ಮುಂಚೆ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಚಾಮಯ್ಯ ಮೂಗೆಳೆದುಕೊಂಡದ್ದು ಕೇಳಿಸಿತು. ಹಾರ್ಮೋನಿಯಂ ತಿದಿಯ ಉಸಿರೂ ಕೇಳಿಸಿತು. ನಾನು ಮಾತ್ರ...

"ರೀ, ಆವತ್ತು ನೀವು ಹಾಡಿದ್ರಾ, ಇಲ್ಲ ಸುಮ್ನೆ ಬಾಯಿ ಆಡುಸ್ಕಂಡು ಕೂತಿದ್ರಾ?" ಎಂದಳು ಮಂಗಳಾ.

ಈ ಮಾತು ನೇರವಾಗಿ ಎದೆಗೆ ತಾಗಿತು. ಇಷ್ಟು ವರ್ಷ ಎಷ್ಟು ಸಾವಿನ ಮನೆಗಳಲ್ಲಿ ಅನ್ನ ನೀರು ಬಿಟ್ಟು ಹಾಡಿದ್ದೇನೆ! ನನ್ನ ಬಳಿ ಇರುವ ಒಂದೇ ಒಂದು ಕಲೆ ಅದು. ಅದನ್ನೂ ಇಲ್ಲ ಎನ್ನಿಸಿಕೊಂಡು ಬದುಕುವುದೇ?

"ಇಟ್ಟುಕೊಳ್ಳೋದು ಟವರನ್ನೇ! ಹಿಂದೆ ಸರಿಯೋ ಮಾತೇ ಇಲ್ಲ!" ಎಂದು ಗುಡುಗಿ, ಟವರಿನ ರಟ್ಟಿನ ಡಬ್ಬಗಳನ್ನು ದರದರ ಎಳೆದುಕೊಂಡು ಹೋಗಿ, ಮನೆ ಮುಂದೆ ಹಾಕಿ ಕಡ್ಡಿ ಗೀರಿಬಿಟ್ಟೆ. ಚೆನ್ನಾಗಿ ಹತ್ತಿಕೊಳ್ಳಲೆಂದು ಎರಡು ಸೌದೆಯನ್ನೂ ಇಟ್ಟೆ.

"ಅಯ್ಯೋ ನಿಮ್ಮ! ಡಬ್ಬ ಜೋಪಾನ ಅಂತ ಅವ್ರು ಹೇಳಿ ಇನ್ನೂ ಒಂದು ಗಂಟೆ ಆಗಿಲ್ವಲ್ರೀ!"

"ಅದಕ್ಕೇ ಸುಟ್ಟಿದ್ದು! ಈಗ ಯಾರು ವಾಪಸ್ ಕಳಿಸ್ತಾರೋ ನೋಡ್ತೀನಿ!"

ಮಂಗಳಾ ಸೀರೆ ಬದಲಾಯಿಸಿಕೊಂಡು, ಹಿತ್ತಲ ಬಾಗಿಲಿನಿಂದ ಹೊರಟಳು. "ಚುಂಚನಕಟ್ಟೆಗೆ ಓಯ್ತೀನಿ, ನಮ್ಮಣ್ಣನ ಮನೆಗೆ. ಸಂಜೆ ಬತ್ತೀನಿ. ಅಷ್ಟೊತ್ತಿಗೆ ನಿಮ್ ದನಿ ಸಿಕ್ಕುದ್ರೆ ಎತ್ತಿ ಮಡುಗಿ."

ಸರಿ, ರಣರಂಗದಲ್ಲಿ ನಾನೊಬ್ಬನೇ ಉಳಿದೆ. ತಣ್ಣಗೆ ಯೋಚಿಸಿದೆ. ಫೋನು ತಪ್ಪಿತಸ್ಥನಲ್ಲ, ಟವರು ಸುಳ್ಳು ಹೇಳುವುದಿಲ್ಲ, ನಾನಂತೂ ಹಾಡಿದ್ದೇನೆ. ಹಾಗಾದರೆ ಉಳಿದದ್ದು ನಡುಮನೆ! ಮೆತ್ತನೆಯ ಸಾಮಾನು ಸದ್ದನ್ನು ನುಂಗುತ್ತದೆ ಎಂದು ಎಲ್ಲೋ ಕೇಳಿದ್ದೆ. ನನ್ನ ದನಿಯನ್ನು ನುಂಗಿದ್ದು ಈ ಸೋಫಾ! ಅದನ್ನು ಹೊರಗೆ ತಳ್ಳಿದೆ. ಕುರ್ಚಿಗಳನ್ನೆಲ್ಲ ಮನೆ ಮುಂದೆ ಸಾಲಾಗಿ ಇಟ್ಟೆ. ನಡುವೆ ಯಾರಾದರೂ ಫೋನ್ ಮಾಡಿ ರಸಭಂಗ ಮಾಡಬಾರದೆಂದು ಕರೆ ಬಂದರೂ ರಿಂಗಾಗದ ಹಾಗೆ ಫೋನನ್ನು ಕಟ್ಟಿಹಾಕಿದೆ. ಅದೇ ಭಜನೆ ಮತ್ತೆ ಮತ್ತೆ ಬರುವಂತೆ ಮಾಡಿ, ಸದ್ದನ್ನು ಎಷ್ಟು ಏರಿಸಲು ಸಾಧ್ಯವೋ ಅಷ್ಟು ಏರಿಸಿದೆ. ಸಂಗೀತ ಬಟ್ಟೆಯಲ್ಲೂ ಶುದ್ಧಿ ಬೇಡುತ್ತದೆ. ಬಿಳಿ ಪಂಚೆ ಉಟ್ಟು, ಬಿಳಿ ಶಲ್ಯ ಹೊದ್ದೆ. ಖಾಲಿ ನಡುಮನೆಯಲ್ಲಿ ಚಾಪೆ ಹಾಸಿ, ಎರಡು ಗೋಪುರಗಳ ಮಧ್ಯೆ ಅಂಗಾತ ಮಲಗಿ, ಎದೆಯ ಮೇಲೆ ಕೈ ಜೋಡಿಸಿ, ಕಣ್ಣು ಮುಚ್ಚಿ ನನ್ನ ದನಿಯನ್ನು ಹುಡುಕತೊಡಗಿದೆ.

ಹುಡುಕುತ್ತ ಹುಡುಕುತ್ತ ಧ್ಯಾನಸ್ಥನಾದೆ. ಅದನ್ನು ಮಂಗಳಾ ನಿದ್ದೆ ಎನ್ನುತ್ತಾಳೆ. ಅದು ಅವಳ ಅಭಿಪ್ರಾಯ.

ಎಷ್ಟು ಹೊತ್ತಾಯಿತೋ ತಿಳಿಯದು. ಎದೆಯ ಮೇಲೆ ತಣ್ಣಗೆ, ಒದ್ದೆಯಾಗಿ ಏನೋ ಬಿತ್ತು. ಕಣ್ಣು ಬಿಟ್ಟೆ. ಸೇವಂತಿಗೆ ಹಾರ! ಸುತ್ತ ಒಂದು ಬೀದಿಯಷ್ಟು ಮುಖಗಳು! ಕಾಲ ಬಳಿ ಮಂಗಳಾಳ ಅಣ್ಣ ಮಾದೇಶ ನನ್ನ ಪಾದ ಹಿಡಿದುಕೊಂಡು "ಬಾವಾ, ಇಂಗ್ ಮಾಡ್ಬುಟ್ಟಲ್ಲೋ ಬಾವಾ!" ಎಂದು ಗೋಳಾಡುತ್ತಿದ್ದ. ತಲೆಯ ಬಳಿ ಪಕ್ಕದ ಮನೆ ಪುಟ್ಟತಾಯಮ್ಮ ಎರಡನೆಯ ಹಾರ ಬಿಚ್ಚುತ್ತಿದ್ದರು.

"ಪುಟ್ಟತಾಯಮ್ಮ, ಸ್ವಲ್ಪ ಸರೀರಿ. ಸೌಂಡಿಗೆ ಅಡ್ಡ ಆಗ್ತಿದೆ," ಎಂದೆ.

ಆಕೆ ಕಿರುಚಿದ ಕಿರುಚಿಗೆ ಎರಡು ಗೋಪುರಗಳೂ ನಾಚಿಕೊಂಡವು. ಜನ ಬಾಗಿಲಿಗೂ ಕಿಟಕಿಗೂ ಓಡಿದರು. ಮಾದೇಶ ನನ್ನ ಪಾದವನ್ನು ಬೆಂಕಿ ಮುಟ್ಟಿದವನಂತೆ ಬಿಟ್ಟ. ಮಂಗಳಾ ಒಬ್ಬಳೇ ಓಡಲಿಲ್ಲ. ಕೆದರಿದ ಕೂದಲು, ಊದಿಕೊಂಡ ಕಣ್ಣು. ನನ್ನ ಕೆನ್ನೆ ಮುಟ್ಟಿ, ಮೂಗಿನ ಹತ್ತಿರ ಕೈ ಹಿಡಿದು ನೋಡಿದಳು.

"ಜೀವ ಅದೇನ್ರೀ?"

"ಇದೆ ಕಣೆ."

"ಅಂಗಾದ್ರೆ ಫೋನ್ ಯಾಕ್ರೀ ಎತ್ನಿಲ್ಲ!" ಎಂದು ಅದೇ ಹಾರ ಕಿತ್ತುಕೊಂಡು ಅದರಲ್ಲೇ ನಾಲ್ಕು ಬಾರಿಸಿದಳು. ಆಮೇಲೆ ನನ್ನ ಶಲ್ಯದಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನಗೆ ನಾಚಿಕೆಯಾಯಿತು. ನನಗಾಗಿ ಇಷ್ಟು ಅತ್ತಳಲ್ಲ ಎಂದು ಒಳಗೊಳಗೇ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ!

ಆಗ ಹೊರಗೆ ಗಲಾಟೆ. ಲಿಂಗಯ್ಯನವರು ಹಾರ್ಮೋನಿಯಂ ಹೊರಿಸಿಕೊಂಡು, ಚಾಮಯ್ಯನನ್ನು ಕರೆದುಕೊಂಡು ಬಂದು ಬಾಗಿಲಲ್ಲಿ ನಿಂತು ಕೆರಳಿದ್ದರು. "ನಮ್ಮ ಮಂಡ್ಳಿಯವ್ರೇ ಸತ್ರೂ ನಮ್ಮನ್ನ ಬುಟ್ಟು ಬ್ಯಾರೆ ಮಂಡ್ಳಿ ಕರ್ಸವ್ರಲ್ಲ! ಯಾವೂರೋರು ಇವ್ರು? ಅವ್ನ್ಯಾರೋ ಥೇಟ್ ನನ್ನಂಗೇ ಆಡ್ತಾವ್ನೆ!"

ನಾನು ಎದ್ದು ಹೋಗಿ ಭಜನೆ ನಿಲ್ಲಿಸಿದೆ. ಬಾಗಿಲಿಗೆ ಬಂದೆ. ಆಗಲೇ ನನಗೆ ಹೊರಗಡೆಯ ದೃಶ್ಯ ಕಂಡದ್ದು. ಶನಿವಾರವಲ್ಲದ ದಿನ, ಹಗಲಿನಲ್ಲಿ, ಒಂದು ಮನೆಯಿಂದ ನಮ್ಮ ಮಂಡಳಿಯ ಭಜನೆ ಬಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ಮನೆ ಮುಂದೆ ಬೆಂಕಿ ಹಾಕುವುದೂ ಸಾವಾದಾಗಲೇ. ಸಾಮಾನು ಹೊರಗಿಟ್ಟು ನಡುಮನೆ ಖಾಲಿ ಮಾಡುವುದೂ, ಬಂದವರಿಗೆ ಕುರ್ಚಿ ಹಾಕುವುದೂ ಆಗಲೇ. ನಾನು ಒಂದನ್ನೂ ಬಿಡದೆ ಎಲ್ಲವನ್ನೂ ಕೈಯಾರೆ ಮಾಡಿ, ಕೊನೆಗೆ ಬಿಳಿ ಹೊದ್ದು ಮಲಗಿದ್ದೆ! ಕುರ್ಚಿಗಳಲ್ಲಿ ಆಗಲೇ ಜನ ಕೂತು, ನಾನು ಎಷ್ಟು ಒಳ್ಳೆಯವನಾಗಿದ್ದೆ ಎಂದು ಮಾತಾಡುತ್ತಿದ್ದರು. ನನ್ನನ್ನು ಕಂಡ ಕೂಡಲೇ ಆ ಮಾತು ನಿಲ್ಲಿಸಿಬಿಟ್ಟರು.

ಆದರೂ ನಾನು ಬಗ್ಗಲಿಲ್ಲ! ಸೊಂಟದ ಮೇಲೆ ಕೈಯಿಟ್ಟು ಕೇಳಿದೆ. "ಮಾದೇಶನಿಗೆ ಫೋನ್ ಮಾಡಿದ್ಯಾರು?"

"ನಾನೇ ಕಣಪ್ಪ," ಎಂದರು ಪುಟ್ಟತಾಯಮ್ಮ, ಇನ್ನೂ ಏದುಸಿರು ಬಿಡುತ್ತ.

"ಒಳಗೆ ಬಂದು ನೋಡಿ ಮಾಡಿದ್ರಾ?"

"ಇಲ್ಲ, ನಮ್ಮನೇಲಿ ಕೂತೇ ಮಾಡ್ದೆ. ಆಮೇಕೆ ಹಾರ ತಕಬಂದೆ."

"ಭಜನೆ ಕೇಳಿಸಿತು, ಬೆಂಕಿ ಕಾಣಿಸಿತು, ಒಪ್ಪಿದೆ! ಆದರೆ ಈ ಮನೆಯಲ್ಲಿ ನಾವಿಬ್ಬರು. ಸತ್ತದ್ದು ನಾನೇ ಅಂತ ಗೋಡೆ ಆಚೆ ಕೂತು ಹೇಗೆ ತೀರ್ಮಾನ ಮಾಡಿದ್ರಿ?" ವಕೀಲನ ಹಾಗೆ ಬೆರಳು ಎತ್ತಿದೆ. ಇದಕ್ಕೆ ಉತ್ತರ ಸಾಧ್ಯವೇ ಇಲ್ಲ ಎಂಬ ಧೈರ್ಯ ನನಗಿತ್ತು.

ಪುಟ್ಟತಾಯಮ್ಮ ಪಾಪ, ಮುಗ್ಧವಾಗಿ ಹೇಳಿದರು. "ಭಜ್ನೆ ಬಾಳ ಚೆನ್ನಾಗಿತ್ತು ಕಣಪ್ಪ. ಒಂದು ಗಳಿಗೆ ಕಿವಿಗೊಟ್ಟೆ. ಎಲ್ರೂ ದನೀನೂ ಅದೆ, ನಿಂದೊಂದೇ ಇಲ್ಲ. ಜೀವ ಇದ್ದಿದ್ರೆ ಇವ್ನು ಬಾಯಿ ಮುಚ್ಕಂಡಿರೋನಾ? ನೀನೇ ಓಗ್ಬುಟ್ಟೆ ಅಂತ ಗೊತ್ತಾಯ್ತು."

ನಾನು ಲಿಂಗಯ್ಯನ ಕಡೆ ನೋಡಿದೆ. ಲಿಂಗಯ್ಯ ಹಾರ್ಮೋನಿಯಂ ಕಡೆ ನೋಡಿದರು. ಸುಳ್ಳು ಬಾರದ ಚಾಮಯ್ಯ ತಡೆಯಲಾರದೆ ಹೇಳಿಯೇಬಿಟ್ಟ. "ಬೇಜಾರ್ ಮಾಡ್ಕಬೇಡಿ ನಾಗರಾಜಣ್ಣ. ಆವತ್ತು ಸ್ಟುಡಿಯೋದಲ್ಲಿ ನಿಮ್ ಮುಂದೆ ಇಟ್ಟಿದ್ ಮೈಕಿಗೆ ಕರೆಂಟೇ ಕೊಟ್ಟಿರ್ನಿಲ್ಲ. ಲಿಂಗಯ್ನೋರೇ ಕೊಡ್ಬೇಡಿ ಅಂದಿದ್ರು."

ಗೋಪುರಗಳೆರಡೂ ಸುಮ್ಮನೆ ನಿಂತಿದ್ದವು. ಇಲ್ಲದೇ ಇರುವುದನ್ನು ಅವು ಹೇಳಲಿಲ್ಲ, ಅಷ್ಟೇ.

ಸಂಜೆ ಸೈಫುಲ್ಲಾ ಸಾಹೇಬರ ಗಾಡಿ ಬಂದಾಗ ಓಡಿಹೋಗಿ ಎದುರುಗೊಂಡೆ. "ಸಾಹೇಬ್ರೇ, ಟವರು ಬೇಡ! ಈಗಲೇ ತಗೊಂಡು ಹೋಗಿ! ಮಸಾಲೆ ಹಾಕೋ ಸೆಟ್ಟೇ ಇರಲಿ!"

"ಆಯ್ತು ಸಾರ್. ಡಬ್ಬ ಎಲ್ಲಿ?"

ಇಬ್ಬರೂ ಮನೆ ಮುಂದಿನ ಬೂದಿ ನೋಡಿದೆವು. ಕೊನೆಯ ಆಸರೆಗಾಗಿ ಮಂಗಳಾಳ ಕಡೆ ತಿರುಗಿದೆ. ಹೋಮ್ ಥಿಯೇಟರ್ ಪಕ್ಷದವಳಲ್ಲವೇ! ಹಟ ಹಿಡಿದು ಅತ್ತಾದರೂ ಸಾಹೇಬರನ್ನು ಒಪ್ಪಿಸುತ್ತಾಳೆ ಎಂದುಕೊಂಡೆ. ಅವಳು ಟವರಿನ ಮೇಲಿನ ಧೂಳನ್ನು ಸೆರಗಿನಲ್ಲಿ ಮೆಲ್ಲಗೆ ಒರೆಸುತ್ತಿದ್ದಳು.

"ಇರ್ಲಿ ಬುಡಿ. ಅಂಥಾ ಸಿನ್ಮಾ ಏನು ಬ್ಯಾಡ. ನೀವಿಲ್ದೆ ಭಜ್ನೆ ಇಷ್ಟು ಚೆನ್ನಾಗಿರ್ತದೆ ಅಂತ ನಂಗೆ ಗೊತ್ತೇ ಇರ್ನಿಲ್ಲ," ಎಂದಳು.

ಆದರೆ ನಾಗರಾಜು ಸೋಲುವವನಲ್ಲ! ಮುಂದಿನ ಶನಿವಾರ ತಲೆಯೆತ್ತಿಕೊಂಡೇ ಗುಡಿಗೆ ಹೋದೆ. ಮಂಡಳಿಯವರೆಲ್ಲ ಎದ್ದು ನಿಂತು ಬರಮಾಡಿಕೊಂಡರು. ಹಿಂದಿನದೆಲ್ಲ ಮರೆತುಬಿಡಬೇಕೆಂದರು. ಪ್ರಾಯಶ್ಚಿತ್ತವೆಂಬಂತೆ ನನ್ನ ಮುಂದೆ ಹೊಳೆಯುವ ಹೊಸ ಮೈಕೊಂದನ್ನು ಇಟ್ಟಿದ್ದರು! ನನ್ನ ಕಣ್ಣು ತುಂಬಿ ಬಂತು. ಎದೆ ಬಿರಿಯುವಂತೆ ಹಾಡಿದೆ. ಮೂರನೆಯ ಭಜನೆಯ ಹೊತ್ತಿಗೆ ಏಕೋ ಅನುಮಾನ ಬಂದು, ಮೈಕಿನ ವೈರು ಎಲ್ಲಿಗೆ ಹೋಗುತ್ತದೆಂದು ಕಣ್ಣಲ್ಲೇ ಹಿಂಬಾಲಿಸಿದೆ. ಅದು ಜಮಖಾನದ ಅಂಚಿನಲ್ಲೇ ಸಾಗಿ, ಚಾಮಯ್ಯನ ಬೆನ್ನ ಹಿಂದೆ ತಿರುಗಿ, ನೇರವಾಗಿ ಹೋಗಿ ಲಿಂಗಯ್ಯನವರ ಜುಬ್ಬದ ಜೇಬಿನೊಳಗೆ ಇಳಿದಿತ್ತು.