ಬೆನ್ನ ಮೇಲಿನ ಊರು

"ಮೇಲಿಂದ ನೋಡುದ್ರೆ ಮನ್ಸರು ಇರುವೆ ಅಂಗೆ ಕಾಣ್ತಾರಂತಲ್ಲ, ದಿಟವೇನಪ್ಪಾ?"

ಎದುರುಮನೆ ಪುಟ್ಟತಾಯಮ್ಮ ಹೀಗೆ ಕೇಳಿದಾಗ ಮಂಜೇಶ ತನ್ನ ಪೈಪಂಗಡಿಯ ಬಾಗಿಲು ತೆಗೆದು ಊದುಬತ್ತಿ ಹಚ್ಚುತ್ತಿದ್ದ. 'ನಂಗೊತ್ತಿಲ್ಲ' ಎಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅವನು ಹಾಗೆನ್ನಲಿಲ್ಲ.

"ಇರುವೆ ಏನ್ ಬಂತು, ಸಾಸ್ವೆ ಕಾಳು ಕಣಮ್ಮ" ಎಂದುಬಿಟ್ಟ.

ಮಂಜೇಶನ ಅಂಗಡಿ ಇರುವುದು ಹೊಳೆನರಸೀಪುರದಲ್ಲಿ. ಹೋದ ತಿಂಗಳು ಪೈಪು ಕಂಪನಿಯವರು ಡೀಲರುಗಳನ್ನೆಲ್ಲ ಥಾಯ್ಲೆಂಡಿನ ಒಂದು ದ್ವೀಪಕ್ಕೆ ಟೂರು ಕರೆದುಕೊಂಡು ಹೋಗಿದ್ದರು. ಜಿಲ್ಲೆಯಲ್ಲಿ ಅತಿ ಹೆಚ್ಚು ಪೈಪು ಮಾರಿದ ಒಬ್ಬರಿಗೆ ಹೆಲಿಕಾಪ್ಟರಿನಲ್ಲಿ ದ್ವೀಪ ಸುತ್ತುವ ಮರ್ಯಾದೆ. ಹಾಸನ ಜಿಲ್ಲೆಯಿಂದ ಅದು ಮಂಜೇಶನಿಗೆ ಬಂತು. ಎರಡನೆಯವನಾಗಿ ಉಳಿದವನು ಅರಕಲಗೂಡಿನ ರುದ್ರೇಶ.

ತೊಂದರೆ ಏನೆಂದರೆ, ಮಂಜೇಶನಿಗೆ ಎತ್ತರ ಆಗುವುದಿಲ್ಲ. ಅಂಗಡಿಯ ಅಟ್ಟದಿಂದ ಒಂದು ಪೈಪಿನ ಬೆಂಡು ಇಳಿಸಬೇಕೆಂದರೂ ಹೆಂಡತಿ ಯಮುನಾ ಸೆರಗು ಸಿಕ್ಕಿಸಿ ಏಣಿ ಹತ್ತುತ್ತಾಳೆ. ಇವನು ಕೆಳಗೆ ಏಣಿ ಹಿಡಿದು, ಮೇಲೆ ನೋಡದೆ ನಿಂತಿರುತ್ತಾನೆ. ಇದನ್ನು ಒಮ್ಮೆ ಕಂಡ ಮಾವ, ಬಾಗೂರಿನ ಕೃಷ್ಣಪ್ಪನವರು, ನೆಂಟರ ಮನೆಯ ಬೀಗರೂಟದಲ್ಲಿ "ನಮ್ಮಳಿಮಯ್ಯ ಮಣೆ ಮ್ಯಾಲ್ ನಿಂತ್ರೂ ತಲೆ ತಿರುಗಿ ಬೀಳ್ತಾನೆ, ಪುಕ್ಲ" ಎಂದು ಅರವತ್ತು ಎಲೆಗೆ ಕೇಳುವಂತೆ ಹೇಳಿದ್ದರು. ಮಾವನ ಬಾಯಿಂದಲೇ ಆ ಮಾತನ್ನು ವಾಪಸು ತೆಗೆಸಬೇಕೆಂಬುದು ಮಂಜೇಶನ ಜೀವಮಾನದ ಆಸೆ.

ಆದರೆ ಹೆಲಿಕಾಪ್ಟರಿನ ನೆಲಕ್ಕೂ ಗಾಜು ಹಾಕಿದ್ದರು. ಅದನ್ನು ಕಂಡೊಡನೆ ಅವನ ಕಾಲುಗಳು ಮರಳಿನಲ್ಲಿ ನಾಟಿ ಹಾಕಿದಂತೆ ನಿಂತುಬಿಟ್ಟವು.

ಡೀಲರುಗಳ ಲೋಕದಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ, ಊರೇ ಹೆಸರು. "ಹಾಸನ ಊಟಕ್ಕೆ ಬಂತೇನ್ರೀ?" "ಬಂತು ಸಾ, ಚನ್ನರಾಯಪಟ್ಟಣ ಇನ್ನೂ ಬಾತ್‌ರೂಮಲ್ಲೈತೆ." ಕಂಪನಿ ಕೊಟ್ಟ ಹಳದಿ ಜಾಕೆಟ್ಟಿನ ಬೆನ್ನಿನಲ್ಲೂ ದೊಡ್ಡದಾಗಿ ಊರಿನ ಹೆಸರೇ. ಕಂಪನಿಯ ಶಶಿಕುಮಾರ್ ಮುಖ ನೋಡುವವನಲ್ಲ, ಬೆನ್ನು ಓದಿ ಟಿಕ್ ಹಾಕುವವನು.

"ಭಯ ಅನ್ನೋದು ನಮ್ ವಂಸದಲ್ಲೇ ಇಲ್ಲ. ಕೊಡೋ ಇಲ್ಲಿ ನಿನ್ ಜಾಕೆಟ್ಟು" ಎಂದ ರುದ್ರೇಶ.

ಹೊಳೆನರಸೀಪುರ ಹೆಲಿಕಾಪ್ಟರ್ ಹತ್ತಿತು. ಇಪ್ಪತ್ತು ನಿಮಿಷದ ಮೇಲೆ ಇಳಿಯಿತು. ವಾಪಸು ಬಂದ ಜಾಕೆಟ್ಟು ಹಿಂಡಿದರೆ ನೀರು ಬರುವಷ್ಟು ಬೆವರಿಗೆ ಒದ್ದೆಯಾಗಿತ್ತು. "ಸಕತ್ತಾಗಿತ್ತು" ಎಂದಷ್ಟೇ ಹೇಳಿ ರುದ್ರೇಶ ಒಂದು ಗಂಟೆ ಮರಳಿನ ಮೇಲೆ ಮಲಗಿದ. ಊರಿಗೆ ಬಂದ ಮಂಜೇಶ, ಹತ್ತಿದವನು ತಾನೇ ಎಂದ. ಯಮುನಾ ಅದನ್ನು ಬಾಗೂರಿನವರೆಗೂ ಮುಟ್ಟಿಸಿದಳು.

ಈಗ ಪುಟ್ಟತಾಯಮ್ಮನಿಗೆ ಸಾಸಿವೆ ಕಾಳಿನಿಂದ ತನ್ನ ಟ್ಯಾಂಕು ನೆನಪಾಯಿತು.

"ಅಂಗಾರೆ ನಮ್ ಟ್ಯಾಂಕಿನ ಮ್ಯಾಕ್ ಅತ್ತಿ ಆ ವಾಲ್ ನೋಡ್ಬುಡಪ್ಪ. ಮೂರ್ ದಿನಾಯ್ತು, ನಲ್ಲೀಲಿ ಒಂದನಿ ನೀರಿಲ್ಲ."

"ಪ್ಲಂಬರ್ ಪುಟ್ಟರಾಜು ಬತ್ತಾನೆ ಬುಡಮ್ಮ."

"ಆಕಾಸ ಮುಟ್ ಬಂದೋನ್ಗೆ ಹನ್ನೆರಡಡಿ ಏನ್ ಲೆಕ್ಕ?"

ಯಮುನಾ ಆಗಲೇ ಏಣಿ ತಂದು ಪುಟ್ಟತಾಯಮ್ಮನ ಅಂಗಳದ ಟ್ಯಾಂಕಿನ ಕಂಬಕ್ಕೆ ಒರಗಿಸಿದ್ದಳು. "ಅತ್ರೀ ಬೇಗ. ಅಪ್ಪ ಬತ್ತಾ ಐತೆ. ಶಶಿಕುಮಾರ್ ಎಲಿಕಾಪ್ಟರ್ ಒಳಗಿನ ವೀಡಿಯೊ ತತ್ತಾರಂತೆ, ಎಲ್ರೂ ಕೂತ್ಕಂಡು ನೋಡದು."

"ಒಳಗಿನ ವೀಡಿಯೊನಾ?"

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಶಶಿಕುಮಾರನ ಕಾರು ಕಂಡಿತು. ರುದ್ರೇಶನ ಮುಖ ಪರದೆಯ ಮೇಲೆ ಮೂಡುವ ಹೊತ್ತಿನಲ್ಲಿ ಮಾವನ ಎದುರು ಕೂರುವುದಕ್ಕಿಂತ ಟ್ಯಾಂಕೇ ವಾಸಿ ಎನ್ನಿಸಿ ಮಂಜೇಶ ಕಣ್ಣು ಮುಚ್ಚಿಕೊಂಡು ಏಣಿ ಹತ್ತಿದ. ಹನ್ನೊಂದು ಮೆಟ್ಟಿಲು. ಮೇಲೆ ಮುಟ್ಟಿದವನೇ ಸಂತೆಯಲ್ಲಿ ಕಳೆದುಹೋಗಿ ತಾಯನ್ನು ಕಂಡ ಕರುವಿನಂತೆ ಕಪ್ಪು ಟ್ಯಾಂಕನ್ನು ತಬ್ಬಿಕೊಂಡ. ನೀರಿನ ವಾಲ್ವು ಎಲ್ಲಿದೆಯೆಂದು ನೋಡಲು ಕಣ್ಣು ತೆರೆಯಬೇಕಿತ್ತು. ಅವನು ತೆರೆಯಲಿಲ್ಲ.

ಬಸ್‌ಸ್ಟ್ಯಾಂಡಿನಿಂದ ಶಶಿಕುಮಾರನ ಕಾರಿನಲ್ಲೇ ಬಂದಿಳಿದ ಕೃಷ್ಣಪ್ಪನವರು ತಲೆಯೆತ್ತಿದರು. "ಯಾರವ್ವಾ ಮ್ಯಾಲೆ?"

"ನಿಮ್ಮಳಿಯ ಕಣಣ್ಣೋ" ಎಂದಳು ಪುಟ್ಟತಾಯಮ್ಮ.

ಕೃಷ್ಣಪ್ಪನವರು ಕನ್ನಡಕ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ಅವತ್ ನಾನಂದಿದ್ದು ತಪ್ಪಾಯ್ತು ಕಣಪ್ಪಾ, ಮಂಜೇಶಾ."

ಜೀವಮಾನದ ಆಸೆ ಈಡೇರಿತು. ಕೆಳಗೆ ನೋಡಿ ಸಂತೋಷಪಡುವ ಸ್ಥಿತಿಯಲ್ಲಿ ಮಂಜೇಶ ಇರಲಿಲ್ಲ.

ಶಶಿಕುಮಾರ್ ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟ. ನೀಲಿ ಸಮುದ್ರ ಬಂತು. ಬಿಳಿ ಮರಳಿನ ದ್ವೀಪ, ಅದರ ತುಂಬ ತೆಂಗು.

"ನಮ್ ಬಾಗೂರಿನ್ ಮರಕ್ಕಿಂತ ಕುಳ್ಳು" ಎಂದರು ಕೃಷ್ಣಪ್ಪನವರು. "ಗೊಬ್ರ ಆಕಿಲ್ಲ."

ಆಮೇಲೆ ಒಳಗಿನ ನೋಟ. ಹಳದಿ ಜಾಕೆಟ್ಟು, ಬೆನ್ನಿನಲ್ಲಿ 'ಹೊಳೆನರಸೀಪುರ'. ಮುಖ ಕಾಣಲಿಲ್ಲ. ಯಾಕೆಂದರೆ ಹೊಳೆನರಸೀಪುರವು ಪಕ್ಕದಲ್ಲಿದ್ದ ಗೈಡ್ ಹುಡುಗಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ತಬ್ಬಿ, ಅವಳ ಕುತ್ತಿಗೆಯಲ್ಲಿ ಮುಖ ಹುದುಗಿಸಿಕೊಂಡಿತ್ತು. ಅವಳ ಮುಡಿಯಲ್ಲಿ ಕೆಂಪು ದಾಸವಾಳ. ಹೆಲಿಕಾಪ್ಟರ್ ಎಡಕ್ಕೆ ವಾಲಿದಾಗ ಹೊಳೆನರಸೀಪುರ ಇನ್ನಷ್ಟು ಒತ್ತಿಕೊಂಡಿತು. ಅವಳು ಮೆಲ್ಲಗೆ ಬೆನ್ನು ತಟ್ಟುತ್ತಿದ್ದಳು. ಇಪ್ಪತ್ತು ನಿಮಿಷವೂ ಇದೇ.

ಪುಟ್ಟತಾಯಮ್ಮ ಮೇಲೆ ನೋಡಿ ಕೇಳಿದಳು.

"ಸಾಸ್ವೆ ಕಾಳು ಅಂದ್ಯಲ್ಲಪ್ಪಾ, ಆ ಎಣ್ಣ ತಬ್ಕಂಡಿದ್ದೋನು ಕೆಳೀಕ್ ನೋಡಿದ್ ಯಾವಾಗ?"

ಮಂಜೇಶನಿಗೆ ನೋಡದೆಯೇ ಅರ್ಥವಾಯಿತು. "ಅದು ನಾನಲ್ಲ ಕಣೇ ಯಮುನಾ! ಅದು ಅರಕಲಗೂಡು! ನಾನ್ ಅತ್ತೇ ಇಲ್ಲ, ನಂಗೆ ಎತ್ತರ ಅಂದ್ರೆ ಭಯ!"

ಎಲ್ಲರೂ ತಲೆಯೆತ್ತಿ, ಹನ್ನೆರಡಡಿ ಮೇಲೆ ನಿಂತವನನ್ನು ನೋಡಿದರು.

"ಎಲ್ ನಿಂತ್ಕಂಡ್ ಯೋಳ್ತಾವ್ನೆ ನೋಡು" ಎಂದರು ಕೃಷ್ಣಪ್ಪನವರು.

"ರುದ್ರೇಶನ್ಗೆ ಫೋನ್ ಮಾಡ್ರೋ!" ಎಂದು ಮಂಜೇಶ ಮೇಲಿಂದ ಕೂಗಿದ.

ಯಮುನಾ ಸ್ಪೀಕರಿಗೆ ಹಾಕಿ ವಿಷಯ ಹೇಳಿದಳು. ಆ ಕಡೆಯಿಂದ ಮೊದಲು ಕೇಳಿಸಿದ್ದು ರುದ್ರೇಶನ ಹೆಂಡತಿಯ ದನಿ: "ಯಾವ್ ಎಣ್ಣು? ಯಾರ್ ತಬ್ಕಂಡಿದ್ದು?" ಆಮೇಲೆ ರುದ್ರೇಶನದು, ಬಲು ವಿನಯದಿಂದ: "ನಾನು ಸೆಕೆಂಡ್ ಕಣಕ್ಕಾ. ನನ್ನ ಯಾರ್ ಅತ್ತುಸ್ತಾರೆ? ಕೆಳಗೆ ಎಳನೀರ್ ಕುಡೀತಾ ಕೂತಿದ್ದೆ."

ಶಶಿಕುಮಾರ್ ಪಟ್ಟಿ ತೆಗೆದು ನೋಡಿದ. "ಹೊಳೆನರಸೀಪುರ ಹತ್ತಿದೆ, ಹೊಳೆನರಸೀಪುರ ಇಳಿದಿದೆ. ನಮ್ಮಲ್ಲಿ ತಪ್ಪಾಗಲ್ಲ ಸರ್."

ಕೃಷ್ಣಪ್ಪನವರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು. "ಪುಕ್ಲನಾಗೇ ಇದ್ದಿದ್ರೆ ವಾಸಿಯಾಗಿತ್ತು ಕಣವ್ವಾ."

"ಯಮುನಾ, ಇಳೀತೀನಿ ಕಣೇ. ವಸಿ ಏಣಿ ಇಡ್ಕೊ."

"ಯಾಕೆ? ಇಡ್ಕಳಾಕೆ ದಾಸವಾಳದೋಳು ಬರಾಕಿಲ್ವಾ?"

ಯಮುನಾ ಏಣಿಯನ್ನು ಎತ್ತಿ ಹೆಗಲಿಗೇರಿಸಿಕೊಂಡು ರಸ್ತೆ ದಾಟಿ ಅಂಗಡಿಯೊಳಗೆ ಹೋದಳು. ಏಣಿ ಅಂಗಡಿಯ ಅಟ್ಟಕ್ಕೆ ಒರಗಿದ ಸದ್ದು ಕೇಳಿ ಮಂಜೇಶ ಟ್ಯಾಂಕನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿದ. ಮೊಣಕಾಲು ಯಾವುದೋ ಕಬ್ಬಿಣದ ಹಿಡಿಗೆ ಬಡಿದು ಅದು ತಿರುಗಿತು. ಕೆಳಗೆ ಪುಟ್ಟತಾಯಮ್ಮನ ನಲ್ಲಿ ಎರಡು ಸಲ ಕೆಮ್ಮಿ, ಮೂರು ದಿನದ ಮೇಲೆ ಧಾರಾಳವಾಗಿ ಸುರಿಯತೊಡಗಿತು. ಅವಳು ಬಿಂದಿಗೆ ತರಲು ಒಳಗೆ ಓಡಿದಳು.