ಎಂಟನೇ ನಂಬರಿನ ಕಾರು ಬಿದ್ದ ತಿರುವು

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾರಾದರೂ ಕಥೆ ಹೇಳುವಾಗ ನಡುವೆ ಬಾಯಿ ಹಾಕುವುದಿಲ್ಲ, ಆದರೆ ಮನಸ್ಸಿನಲ್ಲೇ ತಿದ್ದುತ್ತ ಕೂತಿರುತ್ತೇನೆ. ಇಪ್ಪತ್ತು ಕಿಲೋಮೀಟರು ನಡೆದೆ ಎಂದವರನ್ನು ಹದಿನೇಳಕ್ಕೆ ಇಳಿಸುತ್ತೇನೆ. ಊರಿಗೆ ಊರೇ ಬಂದಿತ್ತು ಎಂದವರ ಊರಿನಿಂದ ಹಾಸಿಗೆ ಹಿಡಿದವರನ್ನು ಕಳೆಯುತ್ತೇನೆ. ಭೂಗೋಳದಲ್ಲಿ ಎಂ.ಎ. ಮಾಡಿದ್ದರಿಂದ ಬಂದ ಕಾಯಿಲೆ ಇದು ಎಂದು ನನ್ನ ಹೆತ್ತ ಆಯಿ ನಂಬಿದ್ದಾಳೆ. ಮದುವೆ ಮಾತುಕತೆಗಳಲ್ಲಿ ಮಾತ್ರ ಇದನ್ನೇ ‘ಹುಡುಗಿಗೆ ಮಾತು ಕಡಿಮೆ’ ಎಂದು ಹೊಗಳಿಕೆಯ ಹಾಗೆ ಹೇಳುತ್ತಾಳೆ.

ಯಲ್ಲಾಪುರದಲ್ಲಿ ನಾನು ಪಾಠ ಮಾಡುವ ಕಾಲೇಜಿನ ಎದುರಿಗೆ ಗಣಪತಿ ಮೇಸ್ತ್ರಿಗಳ ಗ್ಯಾರೇಜಿದೆ. ವಯಸ್ಸಾಗಿ, ನಟ್ಟು ಬಿಚ್ಚುವ ಪಾನ ಹಿಡಿಯುವುದನ್ನು ಬಿಟ್ಟ ಮೇಲೆ ಅವರು ಹಳೇ ಟೈರೊಂದರ ಮೇಲೆ ಕೂತು ಕಥೆ ಹೇಳುತ್ತಾರೆ. ಕಥೆ ಒಂದೇ. ಅವರ ಹರೆಯದಲ್ಲಿ ಕಾರುಗಳ ರೇಸೊಂದು ಅರಬೈಲ್ ಘಟ್ಟ ಇಳಿದಿತ್ತಂತೆ. ಎಂಟನೇ ನಂಬರಿನ ಕಾರು ಪಲ್ಟಿಯಾಯಿತಂತೆ. ಮೇಸ್ತ್ರಿಗಳು ಬಾಗಿಲು ಮುರಿದು ಡ್ರೈವರನನ್ನು ಎಳೆದು ತೆಗೆದರಂತೆ. ಆತ ಮೈ ಕೊಡವಿಕೊಂಡು ಎದ್ದು ಚಾ ಕುಡಿದನಂತೆ. ಯಲ್ಲಾಪುರದಲ್ಲಿ ಇದನ್ನು ನಂಬಿದವರು ಯಾರೂ ಇರಲಿಲ್ಲ. ಪಕ್ಕದ ಚಾ ಅಂಗಡಿಯವ ದಿನಾ ಗ್ಲಾಸು ಕೊಡುವಾಗ, “ಮೇಸ್ತ್ರಿ, ಇವತ್ತು ಕಾರು ಎಷ್ಟು ಪಲ್ಟಿ ಹೊಡೀತು?” ಎಂದು ಕೇಳುವುದು ರೂಢಿಯಾಗಿತ್ತು.

ಹೀಗಿರುವಾಗ ಹಳೇ ರೇಸುಗಳ ಬಗ್ಗೆ ಪುಸ್ತಕ ಮಾಡುತ್ತಿದ್ದ ಯಾರೋ ಒಂದು ಕಪ್ಪುಬಿಳುಪು ಫೋಟೊವನ್ನು ಮೊಬೈಲಿನಲ್ಲಿ ಹರಿಯಬಿಟ್ಟರು. ‘ಇದು ಯಾವ ಘಟ್ಟ? ವಾರದೊಳಗೆ ತಿಳಿಸಿ, ಪುಸ್ತಕ ಅಚ್ಚಿಗೆ ಹೋಗುತ್ತದೆ.’ ಕೈಯಿಂದ ಕೈಗೆ ದಾಟಿ ಅದು ನನಗೂ ಬಂತು. ಕಾರು ನಮ್ಮ ಕಡೆಗೆ ನೆತ್ತಿ ಮಾಡಿ ಮಗ್ಗುಲಾಗಿ ಮಲಗಿತ್ತು. ನೆತ್ತಿಯ ಮೇಲೆ ದೊಡ್ಡದಾಗಿ 8. ಹಿಂದೆ ಮೂರು ಸೀಳುಗಳಿದ್ದ ಕರಿ ಬಂಡೆ. ಸುತ್ತ ನಾಲ್ಕಾರು ಜನ. ಮೇಸ್ತ್ರಿಗಳಿಗೆ ತೋರಿಸಿದೆ.

“ಅಕಾ, ಅಲ್ಲಿ ನೋಡ್ರಿ! ತಲೆಗೆ ಟವೆಲ್ ಸುತ್ತಿದವ ನಾನೇ!”

“ಮುಖ ಕಾಣುವುದಿಲ್ಲವಲ್ಲ ಮೇಸ್ತ್ರಿಗಳೇ.”

“ಕಾರು ಎತ್ತೋವಾಗ ಫೋಟೊಕ್ಕೆ ಮುಖ ಕೊಡ್ತಾರೇನ್ರೀ ಮೇಡಂ?” ಎಂದವರು ದನಿ ಇಳಿಸಿದರು. “ನಿಮ್ಮದು ನಕಾಶೆ ಓದೋ ವಿದ್ಯೆ. ನಾ ಸಾಯೋದರೊಳಗೆ, ಗಣಪತಿ ಸುಳ್ಳು ಹೇಳಿಲ್ಲ ಅಂತ ಒಬ್ಬರಾದ್ರೂ ಹೇಳ್ಲಿ.”

ಭಾನುವಾರ ಅವರನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಘಟ್ಟ ಇಳಿದೆ. ಇಲ್ಲದ ಕ್ಲಚ್ಚನ್ನು ಬಿಡಲು ಅವರು ದಾರಿಯುದ್ದಕ್ಕೂ ಹೇಳುತ್ತಿದ್ದರು. ಒಂದು ತಿರುವಿನಲ್ಲಿ ಇಳಿದು, “ಇದೇ” ಎಂದರು. ಫೋಟೊದಲ್ಲಿ ಗುಡ್ಡ ಎಡಕ್ಕಿತ್ತು, ಇಲ್ಲಿ ಬಲಕ್ಕೆ. ಅಲ್ಲಿ ಕಣಿವೆ ಬಲಕ್ಕೆ, ಇಲ್ಲಿ ಎಡಕ್ಕೆ. ಬಂಡೆಯೊಂದು ಇತ್ತೇನೋ ನಿಜ, ಆದರೆ ಬಳ್ಳಿ ಮುಚ್ಚಿತ್ತು. ಓದುತ್ತಿರುವ ನಿಮಗೆ ಇಷ್ಟರಲ್ಲೇ ಏನೋ ಹೊಳೆದಿರಬಹುದು. ಎಂ.ಎ. ಆದ ನನಗೆ ಹೊಳೆಯಲಿಲ್ಲ. ಟೇಪು ಹಿಡಿದು ರಸ್ತೆಯ ಅಗಲ ಅಳೆದೆ, ದಿಕ್ಸೂಚಿ ನೋಡಿದೆ, ಕೊನೆಗೆ ಬಹಳ ಸೌಜನ್ಯದಿಂದ, “ಇದಲ್ಲ ಅನಿಸುತ್ತದೆ” ಎಂದೆ. ಮೇಸ್ತ್ರಿಗಳು ವಾಪಸು ಬರುವಾಗ ಕ್ಲಚ್ಚಿನ ಮಾತೆತ್ತಲಿಲ್ಲ.

ಮನೆಯಲ್ಲಿ ಆಯಿ ಕನ್ನಡಕ ಹಾಕಿಕೊಂಡು ಫೋಟೊ ನೋಡಿದವಳೇ ತೀರ್ಪು ಕೊಟ್ಟಳು. “ಡ್ರೈವರ್ ಸತ್ತೋಯ್ದ ಕೂಸೇ. ಭಟ್ರಿಬ್ರೂ ಜನಿವಾರ ಬಲಕ್ಕೆ ಹಾಕ್ಯಂಡು ನಿಂತಿದ್ದ, ನೋಡು.”

ಹೌದು. ಜನಿವಾರ ಎಡ ಹೆಗಲ ಮೇಲಿಂದ ಇಳಿಯಬೇಕು. ಬಲ ಹೆಗಲಿಗೆ ಬಂತೆಂದರೆ ಅಪಸವ್ಯ, ಸತ್ತವರ ಕಾರ್ಯ. ಅಂಚಿನಲ್ಲಿ ನಿಂತಿದ್ದ ಬರಿಮೈಯ ಇಬ್ಬರದೂ ಬಲ ಹೆಗಲ ಮೇಲೇ ಇತ್ತು. ಡ್ರೈವರ್ ಸತ್ತಿದ್ದರೆ ಚಾ ಕುಡಿದವರು ಯಾರು? ಮೇಸ್ತ್ರಿಗಳ ಕಥೆ ಅಲ್ಲಿಗೆ ಮುಗಿಯಿತು. ‘ಸ್ಥಳ ತಿಳಿಯಲಿಲ್ಲ’ ಎಂದು ಬರೆದು ಕಳಿಸುವ ಮೊದಲು, ಸುಮ್ಮನೆ ಭಟ್ಟರ ಮುಖವನ್ನು ದೊಡ್ಡದು ಮಾಡಿ ನೋಡಿದೆ. ಒಬ್ಬರು ನಗುತ್ತಿದ್ದರು. ಇನ್ನೊಬ್ಬರು ಅಂಗೈಯಲ್ಲಿ ವೀಳ್ಯದೆಲೆ ಹರಡಿಕೊಂಡು ಕವಳಕ್ಕೆ ಸುಣ್ಣ ಸವರುತ್ತಿದ್ದರು.

“ಆಯೀ, ಅಪಸವ್ಯದಲ್ಲಿ ಕವಳ ಹಾಕ್ಲಕ್ಕನೇ?”

“ಛೀ! ಹಾಕ್ಲಾಗ.”

ಹಾಗಾದರೆ ಜನಿವಾರ ಸರಿಯಾಗಿಯೇ ಇತ್ತು, ಫೋಟೊವೇ ಮಗುಚಿತ್ತು! ನೆಗೆಟಿವ್ ತಿರುವುಮುರುವಾಗಿ ಅಚ್ಚಾಗಿತ್ತು. ಎಂಟು ಎತ್ತ ತಿರುಗಿಸಿದರೂ ಎಂಟೇ, ಅದಕ್ಕೇ ಯಾರಿಗೂ ಗೊತ್ತಾಗಿರಲಿಲ್ಲ. ಮೊಬೈಲಿನಲ್ಲಿ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿದೆ. ಭಟ್ಟರ ಜನಿವಾರ ಎಡ ಹೆಗಲಿಗೆ ಬಂತು, ಗುಡ್ಡ ಬಲಕ್ಕೆ ಬಂತು.

ಮರುದಿನ ಬೆಳಿಗ್ಗೆ ರಜೆ ಹಾಕಿ ಮತ್ತೆ ಮೇಸ್ತ್ರಿಗಳನ್ನು ಕೂರಿಸಿಕೊಂಡು ಅದೇ ತಿರುವಿಗೆ ಹೋದೆ. ಅವರು ತಂದಿದ್ದ ಕತ್ತಿಯಿಂದ ಬಳ್ಳಿ ಸವರಿದರು. ಒಂದು ಸೀಳು. ಎರಡು. ಮೂರು! ನಾನು ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿ ನಿಂತು, ಹುಟ್ಟಿದ ಮೇಲೆ ಮೊದಲ ಬಾರಿಗೆ, ಕೂಗಿದೆ. ಗಾಡಿ ಕೆಟ್ಟಿದೆಯೆಂದು ತಿಳಿದು ಒಂದು ಲಾರಿ ನಿಧಾನ ಮಾಡಿತು. ಮೇಸ್ತ್ರಿಗಳು ಬಂಡೆಗೆ ಅಂಗೈ ಒತ್ತಿ, ಮೂರು ಸೀಳುಗಳನ್ನೂ ಒಂದೊಂದಾಗಿ ಬೆರಳಲ್ಲಿ ಮುಟ್ಟಿ ನೋಡಿದರು. ಆಮೇಲೆ ಲಾರಿಯವನನ್ನು ಕರೆದು ಕಥೆ ಹೇಳಿದರು.

ಪುಸ್ತಕ ಬಂತು. ಫೋಟೊ ನೆಟ್ಟಗಾಗಿದೆ. ಕೆಳಗೆ ‘ಅರಬೈಲ್ ಘಟ್ಟ. ಟವೆಲ್ ಸುತ್ತಿದವರು ಯಲ್ಲಾಪುರದ ಗಣಪತಿ ಮೇಸ್ತ್ರಿ’ ಎಂದಿದೆ. ಆ ಪುಟ ಈಗ ಚಾ ಅಂಗಡಿಯ ಗೋಡೆಯ ಮೇಲೆ ಗಾಜಿನೊಳಗಿದೆ. ಅಂಗಡಿಯವ ಬಂದವರಿಗೆಲ್ಲ ತಾನೇ ತೋರಿಸುತ್ತಾನೆ, ಮೊದಲಿನಿಂದಲೂ ನಂಬಿದ್ದವನ ಹಾಗೆ.

ಮೇಸ್ತ್ರಿಗಳ ಕಥೆಗೂ ಈಗ ಎರಡನೇ ಭಾಗ ಹುಟ್ಟಿದೆ, ಅದರಲ್ಲಿ ನಾನಿದ್ದೇನೆ. ಮೊನ್ನೆ ನಾನು ಚಾ ಕುಡಿಯುತ್ತಿದ್ದಾಗಲೇ ಅವರು ಯಾರೋ ಹುಬ್ಬಳ್ಳಿಯವರಿಗೆ ಹೇಳುತ್ತಿದ್ದರು: “ಫೋಟೊ ಹೊಡೀಲಿಕ್ಕೆ ಜಾಗ ಬೇಕಲ್ಲ! ಈ ಮೇಡಂ ರಸ್ತೆ ನಡುವೆ ನಿಂತು, ಬರೋ ಲಾರಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿಬಿಟ್ರು!”

ಹುಬ್ಬಳ್ಳಿಯವರು ನನ್ನ ಕಡೆ ತಿರುಗಿ, “ಹೌದೇನ್ರೀ ಮೇಡಂ? ಲಾರಿ ನಿಲ್ಲಿಸಿದ್ರಿ?” ಎಂದು ಕೇಳಿದರು.

ನಾನು ಗ್ಲಾಸು ಕೆಳಗಿಟ್ಟು, ವಿಷಯ ಖಚಿತವಾಗಿರಲಿ ಎಂದು ಹೇಳಿದೆ: “ಎರಡು ಲಾರಿ.”